ಇಂಜಿನಿಯರಿಂಗ್‌ನ ಮೊದಲ ವರ್ಷ: ಗಡಿನಾಡಿನ ಕನ್ನಡ ಮಕ್ಕಳು ಎಡವುವ ಹೊಸ್ತಿಲು

ಪ್ಲಸ್ ಟು ಮುಗಿಸಿದ ಮಗನಿಗೋ ಮಗಳಿಗೋ ಇಂಜಿನಿಯರಿಂಗ್ ಸೀಟು ದೊರೆಯಿತೆಂದರೆ ಗಡಿನಾಡಿನ ಮನೆಗಳಲ್ಲಿ ಆ ಮಳೆಗಾಲವೆಲ್ಲ ಸಂಭ್ರಮ. ಯಾವ ಶಾಖೆ ಎಂದು ನೆಂಟರಿಷ್ಟರು ವಿಚಾರಿಸುತ್ತಾರೆ. ಕಂಪ್ಯೂಟರ್ ಎಂದೋ ಸಿವಿಲ್ ಎಂದೋ ತಂದೆತಾಯಿ ಅಭಿಮಾನದಿಂದ ಉತ್ತರಿಸುತ್ತಾರೆ. ಆದರೆ ಆ ಶಾಖೆಯ ವಿದ್ಯೆ ಮೊದಲ ವರ್ಷದಲ್ಲಿ ಬಹುಮಟ್ಟಿಗೆ ಆರಂಭವೇ ಆಗುವುದಿಲ್ಲವೆಂಬ ಸಂಗತಿ ಹೆಚ್ಚಿನ ಮನೆಗಳಿಗೆ ತಿಳಿದಿರುವುದಿಲ್ಲ. ಕಂಪ್ಯೂಟರ್ ಕಲಿಯಲು ಹೋದ ಮಗಳು ಡ್ರಾಯಿಂಗ್ ಹಾಳೆಗಳ ಸುರುಳಿ ಹೊತ್ತು ಮನೆಗೆ ಬರುತ್ತಾಳೆ. ಎಲೆಕ್ಟ್ರಾನಿಕ್ಸ್ ಸೇರಿದ ಮಗ ಅರ ಹಿಡಿದು ಕಬ್ಬಿಣ ಉಜ್ಜಿದ ಕಥೆ ಹೇಳುತ್ತಾನೆ. ‘ಇದೆಲ್ಲ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಹೊಳೆಯುವ ಮುನ್ನವೇ ಮೊದಲ ಸೆಮಿಸ್ಟರಿನ ಪರೀಕ್ಷೆ ಬಂದು ನಿಂತಿರುತ್ತದೆ.

ಯಾವ ಶಾಖೆಯವರಾದರೂ ಮೊದಲ ವರ್ಷ ಕೆಲವು ಪ್ರವೇಶಿಕೆಯ ಪಾಠಗಳನ್ನು ಕಲಿಯಲೇಬೇಕೆಂಬುದು ದೇಶದಾದ್ಯಂತ ಇರುವ ಕ್ರಮ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರಲ್ಲಿ ಪ್ರಕಟಿಸಿದ ಮಾದರಿ ಪಠ್ಯಕ್ರಮದಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ವಿದ್ಯುತ್ತಿನ ಮೂಲಪಾಠ, ಇಂಜಿನಿಯರಿಂಗ್ ಗ್ರಾಫಿಕ್ಸ್, ಪ್ರೋಗ್ರಾಮಿಂಗ್, ವರ್ಕ್‌ಶಾಪ್ ಮತ್ತು ಇಂಗ್ಲಿಷ್ ಸೇರಿವೆ. ಕಾಸರಗೋಡಿನ ಪೊವ್ವಲಿನಲ್ಲಿ 1993ರಲ್ಲಿ ಆರಂಭವಾದ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ಈಗ ಸೇರಿಕೊಂಡಿರುವುದು ಕೇರಳದ ಎ.ಪಿ.ಜೆ. ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ಆ ವಿಶ್ವವಿದ್ಯಾಲಯ 2015ರ ತನ್ನ ಮೊದಲ ಪಠ್ಯಕ್ರಮದಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂದು ಒಂದೊಂದು ಶಾಖೆಗೂ ‘ಪರಿಚಯ’ ಎಂಬ ಹೆಸರಿನ ಪಾಠವನ್ನೇ ಇಟ್ಟಿತ್ತು. 2019ರ ಪಠ್ಯಕ್ರಮದಲ್ಲಿ ಅವು ಸಿವಿಲ್–ಮೆಕ್ಯಾನಿಕಲ್ ಮೂಲಪಾಠ, ಎಲೆಕ್ಟ್ರಿಕಲ್–ಎಲೆಕ್ಟ್ರಾನಿಕ್ಸ್ ಮೂಲಪಾಠ ಎಂಬ ಜೋಡಿಗಳಾದವು. ಮೆಕ್ಯಾನಿಕ್ಸ್, ಗ್ರಾಫಿಕ್ಸ್, ಸಿ ಭಾಷೆಯ ಪ್ರೋಗ್ರಾಮಿಂಗ್ ಅವುಗಳ ಜೊತೆಗಿದ್ದವು. ಆಮೇಲೆಯೂ ಪಠ್ಯಕ್ರಮ ಪರಿಷ್ಕಾರಗೊಂಡಿದೆ. ಹೆಸರು, ಹಂಚಿಕೆ ಬದಲಾಗುತ್ತಲೇ ಇರುತ್ತವೆ; ಮೊದಲ ವರ್ಷದ ಸ್ವಭಾವ ಬದಲಾಗುವುದಿಲ್ಲ.

ಈ ಪಾಠಗಳಲ್ಲಿ ಎಡವುವವರು ಎಲ್ಲ ಭಾಷೆಯ ಮಕ್ಕಳಲ್ಲಿಯೂ ಇದ್ದಾರೆ. ಆದರೆ ಗಡಿನಾಡಿನಲ್ಲಿ ಅದರ ಪರಿಣಾಮ ಬೇರೆ. ಮಂಜೇಶ್ವರದ ಕಡೆಯ ಒಂದು ಮನೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದ ಹುಡುಗನೊಬ್ಬ ಮೊದಲ ವರ್ಷ ಮೆಕ್ಯಾನಿಕ್ಸ್‌ನಲ್ಲಿಯೂ ಗ್ರಾಫಿಕ್ಸ್‌ನಲ್ಲಿಯೂ ‘ಸಪ್ಲಿ’ ಉಳಿಸಿಕೊಂಡನೆನ್ನೋಣ. ‘ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತು’ ಎಂಬ ತೀರ್ಮಾನ ಆ ಮನೆಯ ಜಗಲಿಯಲ್ಲಿ ಆ ಸಂಜೆಯೇ ಆಗುತ್ತದೆ. ಐದನೆಯ ತರಗತಿಯಲ್ಲಿರುವ ತಂಗಿಯ ಶಾಲೆ ಮುಂದಿನ ಜೂನ್‌ನಲ್ಲಿ ಬದಲಾಗುತ್ತದೆ. ನೆರೆಮನೆಯವರಿಗೂ ಅದೇ ನಿದರ್ಶನ. ಮಕ್ಕಳ ಸಂಖ್ಯೆ ಕುಸಿದು ಕನ್ನಡ ತರಗತಿಗಳು ಬಡವಾಗುವುದಕ್ಕೆ ಸರಕಾರದ ಆದೇಶಗಳನ್ನೂ ಶಿಕ್ಷಕರ ನೇಮಕಾತಿಯ ಗೊಂದಲಗಳನ್ನೂ ಬೊಟ್ಟು ಮಾಡಿ ತೋರಿಸುವುದು ರೂಢಿ. ಮೊದಲ ವರ್ಷದ ಅಂಕಪಟ್ಟಿಯೂ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದೆಯೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಹಾಗಾದರೆ ಆ ಹುಡುಗ ನಿಜವಾಗಿ ಎಡವಿದ್ದು ಎಲ್ಲಿ ಎಂಬುದನ್ನು ತುಸು ಬಗ್ಗಿ ನೋಡುವುದು ಅಗತ್ಯ.

ಸಾಮಾನ್ಯ ನಂಬಿಕೆ ಏನೆಂದರೆ, ಕನ್ನಡದಲ್ಲಿ ಓದಿದವನಿಗೆ ಇಂಗ್ಲಿಷಿನ ಪಾರಿಭಾಷಿಕ ಪದಗಳು ಗೊತ್ತಿರುವುದಿಲ್ಲ, ಆದುದರಿಂದ ಅವನು ಹಿಂದುಳಿಯುತ್ತಾನೆ ಎಂಬುದು. ಈ ನಂಬಿಕೆ ಪೂರ್ಣ ಸತ್ಯವಲ್ಲ. ವೇಗೋತ್ಕರ್ಷ, ಸಂವೇಗ, ಘರ್ಷಣೆ, ರೋಧ ಎಂದು ಕಲಿತವನು ಆಕ್ಸಲರೇಷನ್, ಮೊಮೆಂಟಮ್, ಫ್ರಿಕ್ಷನ್, ರೆಸಿಸ್ಟೆನ್ಸ್ ಎಂಬ ಹೆಸರುಗಳಿಗೆ ಹೊಂದಿಕೊಳ್ಳಲು ಪ್ಲಸ್ ಒನ್‌ನ ಕೆಲವು ತಿಂಗಳು ಸಾಕು. ಕೇರಳದಲ್ಲಿ ಹತ್ತನೆಯವರೆಗೆ ಪಠ್ಯಪುಸ್ತಕಗಳೂ ಪ್ರಶ್ನೆಪತ್ರಿಕೆಗಳೂ ಕನ್ನಡದಲ್ಲಿ ದೊರೆಯುತ್ತವೆ. ಹೈಯರ್ ಸೆಕೆಂಡರಿಯ ವಿಜ್ಞಾನ ಪಾಠ ಇಂಗ್ಲಿಷಿನದು. ಹಾಗಾಗಿ ಕಾಲೇಜಿಗೆ ಬರುವ ಹೊತ್ತಿಗೆ ದೊಡ್ಡ ಪದಗಳ ಪರಿಚಯ ಆಗಿಯೇ ಇರುತ್ತದೆ. ಅಲ್ಲದೆ ‘ಸೆಂಟ್ರಾಯ್ಡ್’, ‘ಐಸೊಮೆಟ್ರಿಕ್’ ಮುಂತಾದವು ಇಂಗ್ಲಿಷ್ ಮಾಧ್ಯಮದಿಂದ ಬಂದವರಿಗೂ ಹೊಸವೇ. ಆ ವಿಷಯದಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ ನಿಂತವರು.

ಎಡವಿಸುವುದು ಸಣ್ಣ ಪದಗಳು. ಚಿಕ್ಕಂದಿನಿಂದ ಕೇಳಿ ಗೊತ್ತಿರುವ, ಆದುದರಿಂದಲೇ ಯಾರೂ ಅರ್ಥ ವಿವರಿಸದ ಪದಗಳು. ‘ಯೂನಿಫಾರ್ಮ್’ ಎಂದರೆ ಶಾಲೆಯ ಸಮವಸ್ತ್ರ ಎಂದು ಬಲ್ಲ ಹುಡುಗನಿಗೆ ‘ಯೂನಿಫಾರ್ಮ್ ಏಣಿ’ ಎಂದಾಗ ಅದರ ಭಾರವೆಲ್ಲ ಸರಿಯಾಗಿ ನಡುವಿನಲ್ಲಿ ಕೆಳಗೆಳೆಯುತ್ತದೆಂದು ಗಣಿಸಬೇಕು ಎಂಬ ಸೂಚನೆ ಕಾಣುವುದಿಲ್ಲ. ‘ಲೈಟ್’ ಎಂದರೆ ದೀಪ. ಮೆಕ್ಯಾನಿಕ್ಸ್‌ನಲ್ಲಿ ‘ಲೈಟ್’ ಹಗ್ಗವೆಂದರೆ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು. ‘ಸ್ಮೂತ್’ ಎಂದರೆ ನುಣುಪಲ್ಲ, ಘರ್ಷಣೆ ಸೊನ್ನೆ. ‘ಮೊಮೆಂಟ್’ ಕ್ಷಣವಲ್ಲ, ತಿರುಗಿಸುವ ಸಾಮರ್ಥ್ಯ. ‘ಕಪಲ್’ ದಂಪತಿಯಲ್ಲ, ಸಮವಾಗಿ ಎದುರುಬದುರು ದಿಕ್ಕಿಗೆ ಎಳೆಯುವ ಎರಡು ಬಲಗಳು. ‘ಮೆಂಬರ್’ ಸಂಘದ ಸದಸ್ಯನಲ್ಲ, ಮಾಡಿನ ಚೌಕಟ್ಟಿನ ಒಂದು ಸಲಾಕೆ. ‘ಪ್ಲೇನ್’ ಎಂಬ ಒಂದೇ ಉಚ್ಚಾರದ ಪದ ಆಕಾಶದಲ್ಲಿ ವಿಮಾನ, ಗ್ರಾಫಿಕ್ಸ್ ತರಗತಿಯಲ್ಲಿ ಸಮತಲ, ಮರಗೆಲಸದ ಶೆಡ್ಡಿನಲ್ಲಿ ಕೀಸುಳಿ, ಅಂದರೆ ಸೊಲ್ಲಾಪುರದ ಕಡೆಯ ರಂದಾ. ಕನ್ನಡ ಈ ಮೂರಕ್ಕೂ ಮೂರು ಬೇರೆ ಹೆಸರು ಕೊಟ್ಟು ಗೊಂದಲ ತಪ್ಪಿಸಿದೆ. ಇಂಗ್ಲಿಷಿನ ಈ ಬಹುರೂಪಿಗಳು ಪ್ರಶ್ನೆಪತ್ರಿಕೆಯಲ್ಲಿ ತಮ್ಮ ವೇಷ ಬದಲಾಯಿಸಿದ್ದನ್ನು ಹೇಳಿಕೊಡುವವರಿಲ್ಲ. ಅಧ್ಯಾಪಕರು ವಿವರಿಸುವುದು ದೊಡ್ಡ ಪದಗಳನ್ನು ಮಾತ್ರ.

ಮೆಕ್ಯಾನಿಕ್ಸ್ ಪುಸ್ತಕಗಳಲ್ಲಿ ತಪ್ಪದೆ ಬರುವ ಏಣಿಯ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಐದು ಮೀಟರ್ ಉದ್ದದ, 200 ನ್ಯೂಟನ್ ಭಾರದ ಏಣಿ ಗೋಡೆಗೆ ಒರಗಿದೆ. ಬುಡ ಗೋಡೆಯಿಂದ 3 ಮೀಟರ್ ದೂರದಲ್ಲಿದೆ. ತುದಿ 4 ಮೀಟರ್ ಎತ್ತರದಲ್ಲಿ ಗೋಡೆಯನ್ನು ಮುಟ್ಟಿದೆ. ಗೋಡೆಯಲ್ಲಿ ಘರ್ಷಣೆ ಇಲ್ಲ, ನೆಲದಲ್ಲಿ ಇದೆ. ಏಣಿ ಜಾರದಿರಬೇಕಾದರೆ ನೆಲದ ಹಿಡಿತ ಎಷ್ಟಿರಬೇಕು?

ಇಲ್ಲಿರುವ ಬಲಗಳು ನಾಲ್ಕೇ. ನಡುವಿನಲ್ಲಿ ಕೆಳಗೆಳೆಯುವ ಏಣಿಯ ಭಾರ, ಬುಡವನ್ನು ಮೇಲಕ್ಕೆ ಒತ್ತುವ ನೆಲ, ತುದಿಯನ್ನು ಹೊರಕ್ಕೆ ತಳ್ಳುವ ಗೋಡೆ, ಬುಡವನ್ನು ಗೋಡೆಯ ಕಡೆಗೆ ಹಿಡಿದಿಡುವ ನೆಲದ ಘರ್ಷಣೆ. ಏಣಿಯನ್ನೊಂದನ್ನೇ ಹಾಳೆಯ ಮೇಲೆ ಬಿಡಿಸಿ, ನೆಲವನ್ನೂ ಗೋಡೆಯನ್ನೂ ಅಳಿಸಿ, ಅವುಗಳ ಬದಲಿಗೆ ಅವು ಮಾಡುವ ಒತ್ತಡವನ್ನು ಬಾಣಗಳಿಂದ ಗುರುತಿಸಬೇಕು. ಮೆಕ್ಯಾನಿಕ್ಸ್‌ನ ಪ್ರಾಣವೆನಿಸಿದ ‘ಫ್ರೀ ಬಾಡಿ ಡಯಾಗ್ರಾಮ್’ ಎಂದರೆ ಇಷ್ಟೇ. ಬುಡದ ಸುತ್ತ ತಿರುಗಿಸುವ ಸಾಮರ್ಥ್ಯಗಳನ್ನು ಸರಿದೂಗಿಸಿದರೆ, ಭಾರ 200 ಗುಣಿಸು ಒಂದೂವರೆ ಮೀಟರ್, ಗೋಡೆಯ ತಳ್ಳುವಿಕೆ ಗುಣಿಸು ನಾಲ್ಕು ಮೀಟರಿಗೆ ಸಮ. ಗೋಡೆ ತಳ್ಳುವುದು 75 ನ್ಯೂಟನ್. ನೆಲ ಹಿಡಿದಿಡಬೇಕಾದುದೂ ಅಷ್ಟೇ. ನೆಲ ಮೇಲಕ್ಕೆ ಒತ್ತುವುದು 200. ಹಿಡಿತದ ಪ್ರಮಾಣ 75ನ್ನು 200ರಿಂದ ಭಾಗಿಸಿದಾಗ 0.375.

ಈಗ 600 ನ್ಯೂಟನ್ ಭಾರದ, ಎಂದರೆ ಅರುವತ್ತು ಕಿಲೋ ಆಸುಪಾಸಿನ ಒಬ್ಬ ಆಳು ಏಣಿ ಹತ್ತುತ್ತಾನೆ. ಅವನು ಬುಡದ ಮೆಟ್ಟಲಿನಲ್ಲಿದ್ದಾಗ ಬೇಕಾದ ಹಿಡಿತ 0.1ಕ್ಕಿಂತಲೂ ಕಡಿಮೆ. ನಡುವಿಗೆ ಬಂದಾಗ ಖಾಲಿ ಏಣಿಗೆ ಬೇಕಾದಷ್ಟೇ, 0.375. ತುದಿ ತಲುಪಿದಾಗ 0.656. ಎಂದರೆ ಏಣಿಯ ಅರ್ಧದವರೆಗೆ ಏರುವವನ ಭಾರವೇ ಏಣಿಯನ್ನು ಭದ್ರಪಡಿಸುತ್ತದೆ. ಅರ್ಧ ದಾಟಿದ ಮೇಲೆ ಅದೇ ಭಾರ ಏಣಿಯನ್ನು ಜಾರಿಸಲು ಹವಣಿಸುತ್ತದೆ. ಮಾಡಿನ ಹಂಚು ಸರಿಪಡಿಸಲು ಒಬ್ಬ ಮೇಲೇರಿದಾಗ ಇನ್ನೊಬ್ಬ ಕೆಳಗಿನ ಮೆಟ್ಟಲಿನ ಮೇಲೆ ಕಾಲೂರಿ ನಿಲ್ಲುವುದು ಇದಕ್ಕಾಗಿಯೇ. ‘ಏಣಿಯ ಬುಡ ಹಿಡಿದುಕೋ’ ಎಂಬ ಮಾತನ್ನು ಕೇಳದೆ ಬೆಳೆದ ಮಗು ಹಳ್ಳಿಯಲ್ಲಿ ಇರಲಾರದು. ಹೀಗಿರುವಾಗ ಆ ಹುಡುಗನಿಗೆ ತಿಳಿಯದೆ ಹೋದುದು ವಿಜ್ಞಾನವೇ? ಏಣಿ ‘ಯೂನಿಫಾರ್ಮ್’, ಗೋಡೆ ‘ಸ್ಮೂತ್’, ನೆಲ ‘ರಫ್’, ಏಣಿ ‘ಇಂಪೆಂಡಿಂಗ್’ ಸ್ಥಿತಿಯಲ್ಲಿದೆ, ಎಂದರೆ ಇನ್ನೇನು ಜಾರಬೇಕು ಅನ್ನುವಷ್ಟರಲ್ಲಿದೆ, ಎಂಬ ನಾಲ್ಕು ಸೂಚನೆಗಳನ್ನು ಅವನು ಓದಿಕೊಳ್ಳಲಿಲ್ಲ. ಆ ನಾಲ್ಕೂ ಗೊತ್ತಾದರೆ ಉಳಿದುದು ಎಂಟನೆಯ ತರಗತಿಯ ಗುಣಾಕಾರ, ಭಾಗಾಕಾರ.

ಗ್ರಾಫಿಕ್ಸ್‌ನ ತೊಡಕು ಇನ್ನೊಂದು ಬಗೆಯದು. ಅಲ್ಲಿ ಪದಕ್ಕಿಂತ ವಾಕ್ಯ ಕಾಡುತ್ತದೆ. ತಳದ ಅಂಚು 30 ಮಿಲಿಮೀಟರ್, ಅಕ್ಷ 60 ಮಿಲಿಮೀಟರ್ ಇರುವ ಐದು ಮೂಲೆಯ ಪಿರಮಿಡ್ಡೊಂದು ತಳದ ಒಂದು ಅಂಚಿನ ಮೇಲೆ ಮಾತ್ರ ನೆಲದಲ್ಲಿ ಊರಿ, ಅಕ್ಷ ನೆಲಕ್ಕೆ 30 ಡಿಗ್ರಿ ವಾಲಿ, ಎದುರಿನ ಗೋಡೆಗೆ ಸಮಾಂತರವಾಗಿ ನಿಂತಿದ್ದರೆ ಅದರ ಚಿತ್ರಗಳನ್ನು ಬರೆಯಿರಿ ಎಂಬಂಥ ಪ್ರಶ್ನೆ ಇಂಗ್ಲಿಷಿನಲ್ಲಿ ‘ಬರೆಯಿರಿ’ ಎಂಬಲ್ಲಿಂದ ತೊಡಗುತ್ತದೆ; ಷರತ್ತುಗಳು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತವೆ. ಕನ್ನಡದ ವಾಕ್ಯ ಷರತ್ತುಗಳನ್ನೆಲ್ಲ ಮೊದಲು ಹೇಳಿ ಕೊನೆಗೆ ಕ್ರಿಯಾಪದಕ್ಕೆ ಬರುತ್ತದೆ. ಎಡದಿಂದ ಓದುತ್ತಲೇ ಗೆರೆ ಎಳೆಯತೊಡಗಿದವನು ಕೊನೆಯ ಷರತ್ತಿಗೆ ಬರುವಷ್ಟರಲ್ಲಿ ಅರ್ಧ ಹಾಳೆ ಹಾಳು ಮಾಡಿರುತ್ತಾನೆ. ಬಲ್ಲವರು ಮಾಡುವುದು ಬೇರೆ. ಪ್ರಶ್ನೆಯನ್ನು ಕೊನೆಯವರೆಗೆ ಓದಿ, ವಾಲಿಕೆಯನ್ನು ಸದ್ಯಕ್ಕೆ ಮರೆತು, ಪಿರಮಿಡ್ಡನ್ನು ಮೊದಲು ನೆಟ್ಟಗೆ ನೆಲದ ಮೇಲೆ ನಿಲ್ಲಿಸಿ ಮೇಲಿನ ನೋಟವನ್ನೂ ಎದುರಿನ ನೋಟವನ್ನೂ ಬರೆಯುತ್ತಾರೆ. ತಳದ ಒಂದು ಅಂಚು ಗೋಡೆಗೆ ಲಂಬವಾಗಿರುವಂತೆ ಆಗಲೇ ಎಚ್ಚರ ವಹಿಸುತ್ತಾರೆ. ಆಮೇಲೆ ಎದುರಿನ ನೋಟವನ್ನು ಆ ಅಂಚಿನ ಮೇಲೆ ಬೇಕಾದಷ್ಟು ವಾಲಿಸಿ, ಅದರಿಂದ ಹೊಸ ಮೇಲುನೋಟವನ್ನು ಇಳಿಸುತ್ತಾರೆ.

ಭಾರತೀಯ ಮಾನಕ ಬ್ಯೂರೊ ಒಪ್ಪಿರುವುದು ‘ಫಸ್ಟ್ ಆ್ಯಂಗಲ್’ ಪದ್ಧತಿ. ಅದರಲ್ಲಿ ಮೇಲಿನಿಂದ ಕಾಣುವ ನೋಟವನ್ನು ಹಾಳೆಯ ಕೆಳಭಾಗದಲ್ಲಿ ಬರೆಯಬೇಕು. ಅದೇಕೆಂದು ಕೇಳಿದರೆ ‘ಅದು ನಿಯಮ’ ಎಂದು ಬಾಯಿಪಾಠದ ಉತ್ತರ ಸಿಗುವುದೇ ಹೆಚ್ಚು. ಕೋಣೆಯಲ್ಲಿ ಎದುರಿಗೊಂದು ಗೋಡೆ, ಕೆಳಗೆ ನೆಲ, ನಡುವೆ ಗಾಳಿಯಲ್ಲಿ ಒಂದು ಚೆಂಬು ತೂಗುತ್ತಿದೆಯೆಂದು ಊಹಿಸಿಕೊಂಡರೆ ಸಾಕು. ಎದುರಿನಿಂದ ದೀಪ ಹಿಡಿದಾಗ ನೆರಳು ಗೋಡೆಯ ಮೇಲೆ. ಮೇಲಿನಿಂದ ಹಿಡಿದಾಗ ನೆಲದ ಮೇಲೆ. ಗೋಡೆಯೂ ನೆಲವೂ ಸೇರುವ ಗೆರೆಯಲ್ಲಿ ನೆಲವನ್ನು ಬಾಗಿಲಿನಂತೆ ಕೆಳಕ್ಕೆ ಮಡಚಿದರೆ ಎರಡೂ ಒಂದೇ ಹಾಳೆಯಾಗುತ್ತವೆ. ಮೇಲಿನ ನೋಟ ತಾನಾಗಿ ಕೆಳಗೆ ಬಂದಿರುತ್ತದೆ. ಈ ವಿವರಣೆಗೆ ಯಾವ ಭಾಷೆಯಲ್ಲಿಯೂ ಎರಡು ನಿಮಿಷ ಹಿಡಿಯದು. ಕನ್ನಡದಲ್ಲಿಯೂ ಇಂಥ ತೊಡಕಿನ ಪದಗಳಿಲ್ಲವೆಂದಲ್ಲ: ಗ್ರಾಫಿಕ್ಸ್‌ನಲ್ಲಿ ‘ಮೇಲ್ನೋಟ’ ಎಂದರೆ ಅತ್ಯಂತ ಕರಾರುವಾಕ್ಕಾದ ಚಿತ್ರ, ಮಾತಿನಲ್ಲಿ ‘ಮೇಲ್ನೋಟಕ್ಕೆ’ ಎಂದರೆ ಸರಿಯಾಗಿ ನೋಡಿಲ್ಲವೆಂದು ಅರ್ಥ!

ಪ್ರೋಗ್ರಾಮಿಂಗ್‌ನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸಿ ಭಾಷೆಯ 1989ರ ಪ್ರಮಾಣೀಕೃತ ರೂಪದಲ್ಲಿ ಮೀಸಲು ಪದಗಳಿರುವುದು 32 ಮಾತ್ರ. ಇಂಗ್ಲಿಷಿನಲ್ಲಿ ಪಳಗಿದವನಿಗೆ ಅಲ್ಲಿ ದೊಡ್ಡ ಲಾಭವೇನೂ ಇಲ್ಲ. ಮೊದಲು ಕಾಗದದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಬರೆದುಕೊಳ್ಳುವ ಅಭ್ಯಾಸ ಇದ್ದವನು ಗೆಲ್ಲುತ್ತಾನೆ, ಆ ಹೆಜ್ಜೆಗಳು ಕನ್ನಡದಲ್ಲಿದ್ದರೂ.

ವರ್ಕ್‌ಶಾಪಿನಲ್ಲಂತೂ ಪರಿಸ್ಥಿತಿ ತಿರುವುಮುರುವು. ಅಲ್ಲಿ ಕಲಿಯುವ ಕಸುಬುಗಳಿಗೆಲ್ಲ ಕನ್ನಡದಲ್ಲಿ ಹಳೆಯ, ಗಟ್ಟಿಯಾದ ಪದಸಂಪತ್ತಿದೆ. ಮರಗೆಲಸದ ಉಳಿ, ಗರಗಸ, ಕೀಸುಳಿ. ಕಮ್ಮಾರಿಕೆಯ ಕುಲುಮೆ, ತಿದಿ, ಇಕ್ಕಳ. ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಎರಕ. ಎರಡು ತುಂಡುಗಳನ್ನು ಒಂದಾಗಿಸುವ ಬೆಸುಗೆ. ಆಚಾರಿಯ ಕೊಟ್ಟಿಗೆಯನ್ನು ಕಂಡು ಬೆಳೆದ ಹುಡುಗ ‘ಫೌಂಡ್ರಿ’ ಎಂಬ ಹೆಸರಿಗೆ ಬೆದರಿ, ಮರಳಿನ ಅಚ್ಚನ್ನು ಕಂಡೊಡನೆ ನಿರಾಳನಾಗುತ್ತಾನೆ. ಕೈಕೆಲಸದಲ್ಲಿ ಅವನು ಮುಂದು. ಆದರೆ ವೈವಾದಲ್ಲಿ ಮರಳಿಗೆ ಜೇಡಿಯನ್ನು ಏಕೆ ಬೆರೆಸಬೇಕೆಂದು ಕೇಳಿದಾಗ, ಅಂಟು ಹಿಡಿಯಲೆಂದು ಅವನಿಗೆ ಗೊತ್ತಿದ್ದೂ, ಇಂಗ್ಲಿಷಿನ ವಾಕ್ಯ ಕೂಡಿಬರದೆ ಸುಮ್ಮನಿರುತ್ತಾನೆ. ಅಂಕ ಹಾಕುವವರಿಗೆ ಆ ಮೌನ ಅಜ್ಞಾನವಾಗಿ ತೋರಿದರೆ ಆಶ್ಚರ್ಯವಿಲ್ಲ.

ಸಿವಿಲ್ ಪರಿಚಯದ ಪಾಠದಲ್ಲಿಯೂ ಊರಿನ ಅನುಭವಕ್ಕೆ ಜಾಗವಿದೆ. ಅದನ್ನು ತೆರೆದು ತೋರಿಸುವವರು ಬೇಕು. ಪುಸ್ತಕ ಇಟ್ಟಿಗೆಯಿಂದ ಶುರುಮಾಡಿದರೆ ಕಾಸರಗೋಡಿನ ಮನೆಗಳು ನಿಂತಿರುವುದು ಕೆಂಪುಕಲ್ಲಿನ ಮೇಲೆ. ನೆಲದಲ್ಲಿ ಇರುವಾಗ ಮೆದುವಾಗಿದ್ದು, ಕಡಿದು ಹೊರಗಿಟ್ಟ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಬಂದದ್ದು ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪ್ಪುರದಲ್ಲಿ ಅದನ್ನು ಕಂಡು 1807ರ ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ ಮೇಲೆ. ಅದೇ ಕೆಂಪುಗುಡ್ಡಗಳೊಳಗೆ ಮನುಷ್ಯ ನುಸುಳುವಷ್ಟು ಅಡ್ಡ ಬಾವಿ ಕೊರೆದು, ಸಣ್ಣ ಇಳಿಜಾರು ಕೊಟ್ಟು, ಪಂಪಿನ ಹಂಗಿಲ್ಲದೆ ತೋಟಕ್ಕೆ ನೀರು ಹರಿಸಿದ ಸುರಂಗಗಳು ಜಿಲ್ಲೆಯ ಉತ್ತರ ಭಾಗದಲ್ಲಿ ಇಂದಿಗೂ ಇವೆ. ಮಟ್ಟ ಅಳೆಯುವುದು, ಇಳಿಜಾರು, ನೀರಿನ ಒಸರು, ಗಾಳಿಯಾಡಲು ಬೇಕಾದ ಕಿಂಡಿ ಇವೆಲ್ಲ ಸಿವಿಲ್ ಇಂಜಿನಿಯರಿಂಗ್‌ನ ಮೊದಲ ಅಧ್ಯಾಯಗಳೇ. ಮಾದರಿ ಪಠ್ಯಕ್ರಮ ಹೇಳುವ ಮೂರು ವಾರಗಳ ಪ್ರಾರಂಭಿಕ ಕಾರ್ಯಕ್ರಮದಲ್ಲಿ ಸುತ್ತಲಿನ ಸ್ಥಳಗಳ ಭೇಟಿಯೂ ಒಂದು ಅಂಗ. ಆ ಪಟ್ಟಿಗೆ ಒಂದು ಸುರಂಗ ಸೇರಿದರೆ ಖರ್ಚೇನೂ ಹೆಚ್ಚದು.

ಇನ್ನು ಮಾಧ್ಯಮದ ಪ್ರಶ್ನೆ. ಭಾರತೀಯ ಭಾಷೆಯಲ್ಲಿ ಉನ್ನತ ತಾಂತ್ರಿಕ ಶಿಕ್ಷಣವೆಂಬುದು ಇತ್ತೀಚಿನ ಕನಸಲ್ಲ. ಬೀದರ, ಕಲಬುರಗಿ, ರಾಯಚೂರುಗಳು ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1918ರಲ್ಲಿ, ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನ ಮಾಧ್ಯಮವಾಗಿ ಸ್ವೀಕರಿಸಿತು; ಅದಕ್ಕಾಗಿಯೇ ಒಂದು ಅನುವಾದ ಕಾರ್ಯಾಲಯವಿತ್ತು; 1929ರಲ್ಲಿ ಅಲ್ಲಿ ಇಂಜಿನಿಯರಿಂಗ್ ಕಾಲೇಜೂ ಬಂತು. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಅಲ್ಲಿ ಉರ್ದುವಿಗೆ ಅರಮನೆಯ ಬೆಂಬಲವಿತ್ತು. ಇಲ್ಲಿ ಕನ್ನಡಕ್ಕಿದ್ದುದು ಕೆಲವರು ಅಧ್ಯಾಪಕರ ಉತ್ಸಾಹ. ಪತ್ರಿಕೆ ಬಹುಕಾಲ ಬಾಳಲಿಲ್ಲ.

ತಮಿಳುನಾಡಿನಲ್ಲಿ ಅಣ್ಣಾ ವಿಶ್ವವಿದ್ಯಾಲಯ 2010ರಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ಶಾಖೆಗಳಲ್ಲಿ ತಮಿಳು ಮಾಧ್ಯಮ ತೆರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 2021–22ರಿಂದ ಹಲವು ರಾಜ್ಯಗಳ ಕೆಲವು ಕಾಲೇಜುಗಳಲ್ಲಿ ಹಿಂದಿ, ಮರಾಠಿ, ತಮಿಳು, ತೆಲುಗು, ಬಂಗಾಳಿ ಮಾಧ್ಯಮದ ತರಗತಿಗಳು ತೊಡಗಿದವು. ಗಡಿಯಾಚೆಯ ಕನ್ನಡಿಗರ ಕಣ್ಣಿನಿಂದ ಈ ಪಟ್ಟಿಯನ್ನು ಓದಬೇಕು. ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಯಲ್ಲಿ ಓದಿದವಳಿಗೆ ತನ್ನ ರಾಜ್ಯದಲ್ಲಿ ಸಿಗುವ ಮಾತೃಭಾಷಾ ಮಾಧ್ಯಮವೆಂದರೆ ಮರಾಠಿ, ಹೊಸೂರಿನವನಿಗೆ ತಮಿಳು, ಆದೋನಿಯವಳಿಗೆ ತೆಲುಗು. ‘ಮಾತೃಭಾಷೆ’ ಎಂಬ ಪದ ರಾಜ್ಯದ ಗಡಿಗೆ ಬಂದಾಗ ‘ರಾಜ್ಯಭಾಷೆ’ ಎಂದು ಅರ್ಥ ಬದಲಿಸಿಕೊಳ್ಳುತ್ತದೆ. ಕರ್ನಾಟಕದೊಳಗೆ ಕನ್ನಡ ಮಾಧ್ಯಮಕ್ಕೆ ಕೆಲವೇ ಕಾಲೇಜುಗಳು ಮುಂದೆ ಬಂದವು, ಸೇರುವವರು ವಿರಳ. ಉದ್ಯೋಗದಾತರು ಏನೆನ್ನುವರೋ ಎಂಬ ಹೆದರಿಕೆ ಅಲ್ಲಿನ ಹೆತ್ತವರಿಗೂ ಇದೆ, ಅದನ್ನು ತಪ್ಪೆನ್ನಲಾಗದು.

ಅಖಿಲ ಭಾರತ ಮಟ್ಟದ ಜೆಇಇ ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ದೊರೆಯುತ್ತಿದೆ. ಅದರ ಮಾಹಿತಿ ಪುಸ್ತಿಕೆಯ ಕೋಷ್ಟಕವೊಂದರಲ್ಲಿ ಕನ್ನಡದ ಎದುರಿಗೆ ಬರೆದಿರುವುದು ‘ಕರ್ನಾಟಕದ ಕೇಂದ್ರಗಳಲ್ಲಿ’ ಎಂದು. ಕನ್ನಡ ಪತ್ರಿಕೆ ಬೇಕೆಂದರೆ ಉಪ್ಪಳದವನು ಮಂಗಳೂರಿಗೂ ಜತ್ತದವಳು ವಿಜಯಪುರಕ್ಕೂ ಹೋಗಬೇಕಾಗುತ್ತದೆ. ಭಾಷೆಯನ್ನು ವಿದ್ಯಾರ್ಥಿಗೆ ಕಟ್ಟದೆ ಊರಿಗೆ ಕಟ್ಟಿದ ಕ್ರಮ ಇದು. ಭಾಷಾ ಅಲ್ಪಸಂಖ್ಯಾತರ ಮನವಿಪತ್ರಗಳಲ್ಲಿ ಈ ಒಂದು ಸಾಲಿಗೆ ಇನ್ನೂ ತಕ್ಕ ಸ್ಥಾನ ದೊರೆತಂತಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆ ಕಲ್ಪಿಸುವ ನಿಯಮವಿದೆ. ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆದು ತೇರ್ಗಡೆಯಾಗಬೇಕು. ಆ ದಾರಿಯಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜು ಸೇರಿದವರಿಗೆ ‘ಸಾಂಸ್ಕೃತಿಕ ಕನ್ನಡ’ ಎಂಬ ಪಾಠವೊಂದು ಇರುತ್ತದೆ. ಅದು ಸಾಹಿತ್ಯದ ಪಾಠ. ಮೆಕ್ಯಾನಿಕ್ಸ್ ತರಗತಿ ಅಲ್ಲಿಯೂ ಇಂಗ್ಲಿಷಿನದೇ.

ಆದರೆ ಮಾಧ್ಯಮ ಬದಲಾಗದಿದ್ದರೂ ಅದರ ಫಲವೊಂದು ಎಲ್ಲರಿಗೂ ದಕ್ಕುವಂತಿದೆ. ತಾಂತ್ರಿಕ ಶಿಕ್ಷಣ ಪರಿಷತ್ತು ಮೊದಲ ವರ್ಷದ ಪಠ್ಯಗಳನ್ನು ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸುವ ಯೋಜನೆ ಕೈಗೊಂಡು, ‘ಇ-ಕುಂಭ’ ಎಂಬ ತನ್ನ ಜಾಲತಾಣದಲ್ಲಿ ಉಚಿತವಾಗಿ ಇರಿಸುತ್ತಿದೆ. ಅನುವಾದಕ್ಕೆ ‘ಅನುವಾದಿನಿ’ ಎಂಬ ಯಂತ್ರದ ನೆರವೂ ಇದೆ. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವವನು ಕನ್ನಡ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಡುವುದಕ್ಕೆ ಯಾವ ವಿಶ್ವವಿದ್ಯಾಲಯದ ಅಪ್ಪಣೆಯೂ ಬೇಡ. ಇಂಥ ಅನುವಾದಗಳಿಗೆ ಒಂದು ಅಪಾಯವಿದೆ. ಪಾರಿಭಾಷಿಕ ಪದವನ್ನೆಲ್ಲ ಸಂಸ್ಕೃತದ ಉದ್ದನೆಯ ಸಮಾಸವಾಗಿ ಪರಿವರ್ತಿಸುವ ಹಟಕ್ಕೆ ಬಿದ್ದರೆ ವಿದ್ಯಾರ್ಥಿಗೆ ಎರಡು ಪರಭಾಷೆಗಳ ಹೊರೆಯಾಗುತ್ತದೆ. ‘ಫ್ರೀ ಬಾಡಿ ಡಯಾಗ್ರಾಮ್’ ಹಾಗೆಯೇ ಇರಲಿ. ಅದು ಏನೆಂಬ ವಿವರಣೆ ನೇರವಾದ ಕನ್ನಡದಲ್ಲಿರಲಿ. ದೊಡ್ಡ ಪದ ಇಂಗ್ಲಿಷಿನದು, ಸಣ್ಣ ಪದ ಕನ್ನಡದ್ದು ಎಂಬ ಹಂಚಿಕೆ ಪಂಡಿತರಿಗೆ ರುಚಿಸಲಿಕ್ಕಿಲ್ಲ. ಮೊದಲ ವರ್ಷದವನಿಗೆ ಅದೇ ಒದಗುವುದು.

ಪ್ಲಸ್ ಟು ಪರೀಕ್ಷೆ ಮುಗಿಯುವ ಮಾರ್ಚ್‌ನಿಂದ ಕಾಲೇಜು ತೆರೆಯುವವರೆಗೆ ಕೆಲವು ತಿಂಗಳ ಬಿಡುವಿದೆ. ಪ್ರವೇಶ ಪರೀಕ್ಷೆ ಕಳೆದ ಮೇಲೆ ಆ ದಿನಗಳು ಸುಮ್ಮನೆ ಜಾರಿಹೋಗುತ್ತವೆ. ಕನ್ನಡ ಸಂಘಗಳು ಇದೇ ಹೊತ್ತಿನಲ್ಲಿ ಪ್ರತಿಭಾ ಪುರಸ್ಕಾರ ಸಮಾರಂಭ ಏರ್ಪಡಿಸಿ ಶಾಲು, ಸ್ಮರಣಿಕೆ, ಹಾರ ನೀಡಿ, ಅತಿಥಿಗಳಿಂದ ಮಾತೃಭಾಷೆಯ ಮಹತ್ವದ ಕುರಿತು ಭಾಷಣ ಮಾಡಿಸುತ್ತವೆ. ಅದೇ ಸಭಾಭವನದಲ್ಲಿ ಒಂದು ವಾರ ಬೆಳಗ್ಗೆ ಎರಡು ಗಂಟೆ ಕರಿಹಲಗೆ ಇಡಬಹುದು. ಊರಿನವರೇ ಆದ ನಿವೃತ್ತ ಪಾಲಿಟೆಕ್ನಿಕ್ ಅಧ್ಯಾಪಕರಿರುತ್ತಾರೆ. ರಜೆಗೆ ಬಂದ ಮೂರನೆಯ, ನಾಲ್ಕನೆಯ ವರ್ಷದ ಅಣ್ಣಂದಿರು, ಅಕ್ಕಂದಿರು ಇರುತ್ತಾರೆ. ಸಪ್ಲಿ ಬರೆದು ಗೆದ್ದವರಾದರೆ ಇನ್ನೂ ಒಳ್ಳೆಯದು. ಎಲ್ಲಿ ಕಾಲು ಜಾರುತ್ತದೆಂದು ಅವರಿಗೆ ಗೊತ್ತು. ಶಾಲಿನ ಬದಲು ಡ್ರಾಫ್ಟರ್ ಕೊಟ್ಟರೂ ಯಾರೂ ಬೇಡವೆನ್ನರು.

ಆ ವಾರದಲ್ಲಿ ಪಠ್ಯ ಮುಗಿಸುವ ಗೊಡವೆ ಬೇಡ. ಹಳೆಯ ಪ್ರಶ್ನೆಪತ್ರಿಕೆಗಳಿಂದ ಸಣ್ಣ ಪದಗಳನ್ನು ಹೆಕ್ಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಬೇಕು. ಎದುರಿಗೆ ಅದು ಕೊಡುವ ಆಜ್ಞೆ ಏನೆಂದು ಕನ್ನಡದಲ್ಲಿ. ‘ಯೂನಿಫಾರ್ಮ್’ ಎಂಬುದರ ಎದುರಿಗೆ ‘ಭಾರ ನಡುವಿನಲ್ಲಿ ಗುರುತಿಸು’. ‘ಸ್ಮೂತ್’ ಎದುರಿಗೆ ‘ಘರ್ಷಣೆಯ ಬಾಣ ಹಾಕಬೇಡ’. ‘ಲೈಟ್’ ಎದುರಿಗೆ ‘ತೂಕ ಬಿಡು’. ‘ಅಟ್ ರೆಸ್ಟ್’ ಎದುರಿಗೆ ‘ಎಲ್ಲ ಬಲಗಳ ಮೊತ್ತ ಸೊನ್ನೆ’. ‘ರೆಸ್ಪೆಕ್ಟಿವ್ಲಿ’ ಎದುರಿಗೆ ‘ಹೇಳಿದ ಕ್ರಮದಲ್ಲಿಯೇ ಜೋಡಿಸು’. ಮೆಕ್ಯಾನಿಕ್ಸ್, ಗ್ರಾಫಿಕ್ಸ್, ವಿದ್ಯುತ್ತು ಈ ಮೂರಕ್ಕೂ ಸೇರಿ ಇಂಥ ಪದಗಳು ಸಣ್ಣದೊಂದು ನೋಟ್‌ಬುಕ್ಕಿನಲ್ಲಿ ಮುಗಿಯುತ್ತವೆ. ಬದಿಯಡ್ಕದಲ್ಲಿ ಬರೆದ ನೋಟ್‌ಬುಕ್ಕು ಸೊಲ್ಲಾಪುರದಲ್ಲಿಯೂ ತಾಳವಾಡಿಯಲ್ಲಿಯೂ ರಾಯದುರ್ಗದಲ್ಲಿಯೂ ಅಕ್ಷರ ಬದಲಿಸದೆ ಉಪಯೋಗಕ್ಕೆ ಬರುತ್ತದೆ: ನಾಲ್ಕು ರಾಜ್ಯಗಳ ನಾಲ್ಕು ವಿಶ್ವವಿದ್ಯಾಲಯಗಳಿದ್ದರೂ ಏಣಿ ಒರಗುವ ಗೋಡೆ ಎಲ್ಲೆಡೆಯೂ ‘ಸ್ಮೂತ್’.